ಬೀಳುವ ಹಲ್ಲೆಂದು ಬಿಟ್ಟರೆ ಬಾಳುವ ಹಲ್ಲೇ ಹೋದೀತು

ನಾರಾಯಣಪೇಟ: ‘ಬೀಳೋ ಹಲ್ಲು ತಾನೆ, ಬಿಡ್ರಿ’ ಎಂಬ ಮಾತು ನಾರಾಯಣಪೇಟ, ಮಕ್ತಲ್, ಗದ್ವಾಲ್ ಭಾಗದ ಕನ್ನಡ ಮನೆಗಳಲ್ಲಿ ಮಾಮೂಲು. ಮಗುವಿನ ಹಲ್ಲು ಹುಳುಕಾದರೆ ಲವಂಗ ಇಟ್ಟು ಮಲಗಿಸಿದರೆ ಆಯಿತು. ಆದರೆ ಆರನೇ ವರ್ಷದ ಹೊತ್ತಿಗೆ ಹಾಲುಹಲ್ಲುಗಳ ಹಿಂದೆ, ಯಾವ ಹಲ್ಲೂ ಬೀಳದೆ ಹೊಸದಾಗಿ ಹುಟ್ಟುವ ದವಡೆ ಹಲ್ಲು ಜೀವನಪೂರ್ತಿ ಇರಬೇಕಾದದ್ದು. ಅದನ್ನೂ ಹಾಲುಹಲ್ಲೆಂದೇ ತಿಳಿದು ಬಿಡುವ ಪಾಲಕರು ಉಂಟು. ಕಿತ್ತರೆ ಆ ಜಾಗದಲ್ಲಿ ಮತ್ತೊಂದು ಹುಟ್ಟದು.

ಹಲ್ಲಿಗೆ ಹುಳ ಬೀಳುತ್ತದೆ ಎನ್ನುವುದು ಬರೀ ಮಾತು. ಬಾಯಿಯ ಬ್ಯಾಕ್ಟೀರಿಯಾ ಸಕ್ಕರೆ ತಿಂದು ಬಿಡುವ ಆಮ್ಲವೇ ಹಲ್ಲನ್ನು ಕೊರೆಯುವುದು. ದೇಶದಲ್ಲಿ 2002-03ರಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆಯಲ್ಲಿ 5 ಮತ್ತು 12 ವರ್ಷದ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಹುಳುಕು ಕಂಡುಬಂದಿತ್ತು.

ಈ ಭಾಗದ ಇನ್ನೊಂದು ತಾಪತ್ರಯ ನೀರಿನದು. ಅವಿಭಜಿತ ಮಹಬೂಬನಗರ ಜಿಲ್ಲೆಯ ಕೆಲವೆಡೆ ಬೋರ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಎನ್ನುತ್ತದೆ ಭಾರತೀಯ ಮಾನದಂಡ. ಮೀರಿದರೆ ಹಲ್ಲಿನ ಮೇಲೆ ಸುಣ್ಣದಂಥ ಬಿಳಿ ಮಚ್ಚೆ, ಕಂದು ಗೆರೆ. ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಿಂದ ಈ ಬೇನೆ 1937ರಲ್ಲೇ ವರದಿಯಾಗಿತ್ತು. ಅಮೆರಿಕದಲ್ಲಿ ಹಲ್ಲಿನ ಕಲೆಯ ಬೆನ್ನು ಹತ್ತಿದ ಸಂಶೋಧಕರಿಗೆ 1931ರಲ್ಲಿ ಕಾರಣ ಫ್ಲೋರೈಡ್ ಎಂದು ತಿಳಿಯಿತು. ಅದೇ ಫ್ಲೋರೈಡ್ ಹಿತಮಿತವಾಗಿದ್ದರೆ ಹುಳುಕು ತಡೆಯುತ್ತದೆ ಎಂಬುದೂ ಆ ಹುಡುಕಾಟದಲ್ಲೇ ಗೊತ್ತಾದದ್ದು!

ಕಲೆ ಹೋಗಲಿ ಎಂದು ಇಟ್ಟಿಗೆ ಪುಡಿ, ಇದ್ದಿಲಿನಿಂದ ಉಜ್ಜುವುದು ತಪ್ಪು. ಕಲೆ ಹಲ್ಲಿನ ಮೈಯೊಳಗೇ ಇರುತ್ತದೆ, ಉಜ್ಜಿದಷ್ಟೂ ಹಲ್ಲು ಸವೆಯುತ್ತದೆ. ನೀರು ಕುದಿಸಿದರೂ ಫ್ಲೋರೈಡ್ ಹೋಗದು. ಮುಂದಿನ ಹಲ್ಲುಗಳ ಮೇಲ್ಪದರ ಒಳಗೊಳಗೇ ಬಲಿಯುವುದು ಎಂಟು ವರ್ಷದೊಳಗೆ. ಹಾಗಾಗಿ ಮನೆಯಲ್ಲಿ ದೊಡ್ಡವರು ಏನೇ ಕುಡಿಯಲಿ, ಚಿಕ್ಕ ಮಕ್ಕಳಿಗಾದರೂ ಮಿಷನ್ ಭಗೀರಥದ ನಳದ ನೀರನ್ನೇ ಕೊಡಬೇಕು. ಪೇಸ್ಟ್ ಮೂರು ವರ್ಷದೊಳಗೆ ಅಕ್ಕಿಕಾಳಿನಷ್ಟು, ಆರರವರೆಗೆ ಬಟಾಣಿಯಷ್ಟು ಸಾಕು. ನುಂಗದೆ ಉಗುಳುವುದನ್ನು ಕಲಿಸಬೇಕು. ರಾತ್ರಿ ಉಜ್ಜಿದ ಮೇಲೆ ಬಿಸ್ಕತ್ತು, ಹಾಲಿನ ಬಾಟಲಿ ಬೇಡ.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ನಿಯಮದಂತೆ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರಕಾರಿ ಶಾಲೆಗೆ ಒಂದು ಸಲ ತಂಡ ಬಂದು ಹಲ್ಲನ್ನೂ ನೋಡಬೇಕು. ಆ ದಿನ ಮಗುವನ್ನು ಹೊಲಕ್ಕೆ ಕರೆದೊಯ್ಯದೆ ಶಾಲೆಗೆ ಕಳಿಸಬೇಕಷ್ಟೆ. ಹೆಚ್ಚಿನ ಚಿಕಿತ್ಸೆಗೆ ಹೈದರಾಬಾದಿನ ತನಕ ಹೋಗಬೇಕಿಲ್ಲ, ಕೃಷ್ಣಾ ದಾಟಿದರೆ ರಾಯಚೂರಿನಲ್ಲಿ ಎರಡು ದಂತ ವೈದ್ಯಕೀಯ ಕಾಲೇಜುಗಳಿವೆ. ಡ್ರಿಲ್ ಮಷಿನ್ ಸದ್ದಿಗೇ ಅಳುವ ಮಕ್ಕಳಿಗೆ ಹುಳುಕಿಗೆ ಬರೀ ಸವರುವ ಬೆಳ್ಳಿಯ ದ್ರಾವಣವೂ ಈಗ ಇದೆ. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಹಚ್ಚಿದ ಜಾಗ ಕಪ್ಪಾಗುತ್ತದೆ, ಆದರೆ ಹುಳುಕು ಹರಡುವುದು ನಿಲ್ಲುತ್ತದೆ.