ಆರಿದ್ರೆಯ ಫೋಟೋ ತೆಗೆಯೋಕೆ ಎಷ್ಟು ದೊಡ್ಡ ಕ್ಯಾಮೆರಾ ಬೇಕು?

ಜನವರಿಯ ಒಂದು ರಾತ್ರಿ ಕಗ್ಗದಾಸಪುರದ ನಮ್ಮ ಪಿಜಿ ಟೆರೇಸ್ ಮೇಲೆ ನಾವು ಮೂವರು ಟ್ರೈಪಾಡ್, ಫೋನ್ ಇಟ್ಕೊಂಡು ನಿಂತಿದ್ವಿ. ಬೀದಿದೀಪಗಳ ಬೆಳಕಲ್ಲೂ ಮಹಾವ್ಯಾಧ ನಕ್ಷತ್ರಪುಂಜ ಕಾಣ್ತಿತ್ತು. ಅದರ ಭುಜದಲ್ಲಿರೋ ಕೆಂಪು ನಕ್ಷತ್ರವೇ ಬೀಟಲ್‌ಜೂಸ್, ನಮ್ಮ ಆರಿದ್ರಾ. ಅಜ್ಜಿ ಹೇಳೋ ಆರಿದ್ರಾ ಮಳೆಗೆ ಹೆಸರು ಬಂದಿದ್ದು ಇದರಿಂದಲೇ. ಫುಲ್ ಜೂಮ್ ಮಾಡಿದಾಗ ಕೆಂಪು ಉಂಡೆಯೊಂದು ಸಿಕ್ಕಿತು. "ನಕ್ಷತ್ರದ ಮೈ ನೋಡಿ!" ಅಂತ ಕ್ಲಾಸ್ ಗ್ರೂಪಿಗೆ ಹಾಕಿದ್ವಿ.

ಸೀನಿಯರ್ ಒಬ್ಬರು ಒಂದೇ ಪ್ರಶ್ನೆ ಕೇಳಿದರು: "ರೈಗೆಲ್ ಎಷ್ಟು ದಪ್ಪ ಬರುತ್ತೆ?" ಫೋನನ್ನು ಅದೇ ಪುಂಜದ ನೀಲಿ ನಕ್ಷತ್ರ ರೈಗೆಲ್ ಕಡೆ ತಿರುಗಿಸಿದ್ವಿ. ಅದೂ ಹೆಚ್ಚುಕಮ್ಮಿ ಅಷ್ಟೇ ದಪ್ಪ! ನಿಜದಲ್ಲಿ ಆಕಾಶದಲ್ಲಿ ಆರಿದ್ರೆಯ ಅಗಲ ರೈಗೆಲ್‌ನ ಹದಿನೈದು ಪಟ್ಟಿಗೂ ಹೆಚ್ಚು. ಅಂದರೆ ನಮ್ಮ ಉಂಡೆ ನಕ್ಷತ್ರದ್ದಲ್ಲ. ಪೋಸ್ಟ್ ಡಿಲೀಟ್ ಮಾಡಿ, ಲೆಕ್ಕ ಹಾಕೋಕೆ ಕೂತ್ವಿ.

ಒಂದು ಡಿಗ್ರಿಯನ್ನು 3600 ಭಾಗ ಮಾಡಿದರೆ ಒಂದು ಆರ್ಕ್‌ಸೆಕೆಂಡ್. ಚಂದ್ರನ ಅಗಲ ಸುಮಾರು 1800 ಆರ್ಕ್‌ಸೆಕೆಂಡ್, ಆರಿದ್ರೆಯದು ಸುಮಾರು 0.045 ಮಾತ್ರ. ಸೂರ್ಯನಿಗಿಂತ ನೂರಾರು ಪಟ್ಟು ದೊಡ್ಡ ನಕ್ಷತ್ರವಾದರೂ 500ಕ್ಕೂ ಹೆಚ್ಚು ಜ್ಯೋತಿರ್ವರ್ಷ ದೂರ ಇದೆಯಲ್ಲ! ಮೈಸೂರು ಅರಮನೆ ಮುಂದೆ ಇಟ್ಟ ಒಂದು ಸಣ್ಣ ನಿಂಬೆಹಣ್ಣನ್ನು ಕಗ್ಗದಾಸಪುರದಿಂದ ನೋಡಿದ ಹಾಗೆ.

ಹಾಗಾದರೆ ದೊಡ್ಡ ದೂರದರ್ಶಕ ಇದ್ದರೆ ಸಾಕಾ? ಕೆ.ಆರ್. ಪುರ ದಾಟಿ ಹಳೇ ಮದ್ರಾಸ್ ರಸ್ತೆಯಲ್ಲಿ ಹೋದರೆ ಹೊಸಕೋಟೆ. ಅಲ್ಲಿನ ಭಾರತೀಯ ಖಭೌತ ಸಂಸ್ಥೆಯ ಕೇಂದ್ರದಲ್ಲಿ ಕೂತೇ ಲಡಾಖಿನ ಹಾನ್ಲೆಯಲ್ಲಿರೋ 2 ಮೀಟರ್ ದೂರದರ್ಶಕವನ್ನು ಉಪಗ್ರಹ ಸಂಪರ್ಕದ ಮೂಲಕ ನಡೆಸ್ತಾರೆ. ಫಿಸಿಕ್ಸ್‌ನಲ್ಲಿ ಉರು ಹೊಡೆದ ಸೂತ್ರ ನೆನಪಿದೆಯಾ? ತರಂಗಾಂತರವನ್ನು ಕನ್ನಡಿಯ ವ್ಯಾಸದಿಂದ ಭಾಗಿಸಿ 1.22ರಿಂದ ಗುಣಿಸಿ. ಹಸಿರು ಬೆಳಕಿಗೆ 0.07 ಆರ್ಕ್‌ಸೆಕೆಂಡ್ ಬರುತ್ತೆ. ಆ ಕನ್ನಡಿಗೂ ಆರಿದ್ರಾ ಬರೀ ಚುಕ್ಕಿ! ಇದರ ಮೇಲೆ ಗಾಳಿಯ ಕಾಟ. ನಕ್ಷತ್ರ ಮಿನುಗೋದು ಕವಿಗೆ ಚಂದ, ಕ್ಯಾಮೆರಾಗೆ ಶತ್ರು. ಒಳ್ಳೆಯ ಜಾಗದಲ್ಲೂ ಗಾಳಿ ಆ ಚುಕ್ಕಿಯನ್ನು ಸುಮಾರು 1 ಆರ್ಕ್‌ಸೆಕೆಂಡಿನಷ್ಟು ಅಗಲಕ್ಕೆ ಹರಡಿಬಿಡುತ್ತೆ.

ದಾರಿ ಹುಡುಕಿದವರು ಮೈಕೆಲ್ಸನ್ ಮತ್ತು ಪೀಸ್. 1920ರ ಡಿಸೆಂಬರ್‌ನಲ್ಲಿ ಅಮೆರಿಕದ ಮೌಂಟ್ ವಿಲ್ಸನ್‌ನ 100 ಇಂಚಿನ ದೂರದರ್ಶಕದ ಮೇಲೆ ಸುಮಾರು 6 ಮೀಟರ್ ಉದ್ದದ ತೊಲೆ ಕೂರಿಸಿ, ಅದರ ಮೇಲೆ ಎರಡು ಸಣ್ಣ ಕನ್ನಡಿಗಳನ್ನು ದೂರ ದೂರ ಸರಿಸಿದರು. ಎರಡರ ಬೆಳಕು ಸೇರಿದಾಗ ಲ್ಯಾಬ್‌ನಲ್ಲಿ ನಾವು ನೋಡೋ ಥರದ್ದೇ ಫ್ರಿಂಜ್‌ಗಳು. ಅಂತರ ಸುಮಾರು 3 ಮೀಟರ್ ಆದಾಗ ಅವು ಮಾಯ! ನಕ್ಷತ್ರದ ಒಂದೊಂದು ಭಾಗದ ಫ್ರಿಂಜ್ ಒಂದರ ಮೇಲೊಂದು ಬಿದ್ದು ಅಳಿಸಿಹೋಗಿದ್ದವು. ಬರೀ ಬಿಂದುವಾಗಿದ್ದರೆ ಹೀಗಾಗ್ತಿರಲಿಲ್ಲ. ಆ ಅಂತರದಿಂದಲೇ ಆರಿದ್ರೆಯ ಅಗಲ 0.047 ಆರ್ಕ್‌ಸೆಕೆಂಡ್ ಅಂತ ಲೆಕ್ಕ ಸಿಕ್ಕಿತು. ಫೋಟೋ ಇಲ್ಲದೇ ಅಳತೆ!

ಫೋಟೋಗೆ 1995ರ ತನಕ ಕಾಯಬೇಕಾಯ್ತು. ಗಾಳಿಯ ಮೇಲಿದ್ದ ಹಬಲ್, ತರಂಗಾಂತರ ಕಮ್ಮಿ ಇರೋ ಅತಿನೇರಳೆ ಬೆಳಕಿನಲ್ಲಿ ಆರಿದ್ರೆಯನ್ನು ಬಿಲ್ಲೆಯಾಗಿ ಹಿಡಿಯಿತು. ಮೈಕೆಲ್ಸನ್ ಉಪಾಯವೂ ಬೆಳೆಯಿತು. ಚಿಲಿಯಲ್ಲಿ ಹಲವು ದೂರದರ್ಶಕಗಳ ಬೆಳಕನ್ನು ಒಟ್ಟುಗೂಡಿಸಿ ತೆಗೆದ, 1,60,000 ಜ್ಯೋತಿರ್ವರ್ಷ ದೂರದ ನಕ್ಷತ್ರವೊಂದರ ಚಿತ್ರ 2024ರ ನವೆಂಬರ್‌ನಲ್ಲಿ ಹೊರಬಂತು. ಅದರಲ್ಲಿ ನಕ್ಷತ್ರದ ಸುತ್ತ ಮೊಟ್ಟೆಯಾಕಾರದ ಧೂಳಿನ ಗೂಡೂ ಕಾಣುತ್ತೆ.

ನಮ್ಮ ಫೋಟೋ ಇನ್ನೂ ಫೋನಲ್ಲಿದೆ. ಗ್ರೂಪಿಗೆ ಮತ್ತೆ ಹಾಕಿದ್ವಿ, ಈ ಸಲ ಸರಿಯಾದ ಕ್ಯಾಪ್ಶನ್ ಜೊತೆ: "ನಮ್ಮ ಲೆನ್ಸ್ ಮತ್ತು ಕಗ್ಗದಾಸಪುರದ ಗಾಳಿ. ಬೆಳಕು ಕೊಟ್ಟಿದ್ದು ಆರಿದ್ರಾ."