‘ಅನಿಮೇಷನ್’ ಶಬ್ದದ ಅರ್ಥವಿಚಾರ

ಆಂಗ್ಲಭಾಷೆಯ ‘ಅನಿಮೇಷನ್’ ಎಂಬ ಶಬ್ದವು ಈಗ ಕನ್ನಡದಲ್ಲಿಯೂ ಬಳಕೆಗೆ ಬಂದಿದೆ. ಚಲಿಸುವಂತೆ ತೋರುವ ಚಿತ್ರಗಳ ರಚನೆಯೆಂಬುದೇ ಅದರ ಪ್ರಸಿದ್ಧಾರ್ಥ. ಆದರೆ ಈ ಅರ್ಥವು ಇಪ್ಪತ್ತನೆಯ ಶತಮಾನದಲ್ಲಿ ರೂಢವಾದುದು. ಶಬ್ದವಾದರೋ ಅದಕ್ಕಿಂತ ಪ್ರಾಚೀನವಾದುದು.

ಸಂಸ್ಕೃತದ ‘ಅನಿಮೇಷ’ಪದದೊಡನೆ ಇದಕ್ಕೆ ತೋರುವ ಸಾಮ್ಯವು ಕೇವಲ ಧ್ವನಿಸಾಮ್ಯ. ‘ಅನಿಮೇಷ’ವೆಂದರೆ ರೆಪ್ಪೆ ಮಿಡಿಯದವನು, ದೇವತೆ, ಅದರ ಮೂಲವೇ ಬೇರೆ. ನಿಜವಾದ ನಂಟು ‘ಅನ್’ ಧಾತುವಿನೊಡನೆ ಇದೆ. ಅದಾದಿಗಣಕ್ಕೆ ಸೇರಿದ ಈ ಧಾತುವಿಗೆ ಉಸಿರಾಡು ಎಂದರ್ಥ. ಪ್ರಾಣ, ಅಪಾನ, ವ್ಯಾನ, ಉದಾನ, ಸಮಾನಗಳೆಂಬ ಐದೂ ಇದರಿಂದಲೇ ಹುಟ್ಟಿದವು. ಲ್ಯಾಟಿನ್ನಿನಲ್ಲಿ ‘ಅನಿಮ’ವೆಂದರೆ ಉಸಿರು, ಜೀವ, ‘ಅನಿಮಾರೆ’ ಎಂದರೆ ಜೀವ ತುಂಬುವುದು. ಗ್ರೀಕಿನ ‘ಅನೆಮೊಸ್’ ಗಾಳಿಯ ಹೆಸರು. ಇವು ಒಂದರಿಂದೊಂದು ಎರವಲಾಗಿ ಪಡೆದವಲ್ಲ. ಒಂದೇ ಮೂಲದಿಂದ ಕವಲೊಡೆದವು.

ಆಂಗ್ಲದಲ್ಲಿ ಈ ಶಬ್ದಕ್ಕೆ ಮುಖ್ಯವಾಗಿ ಮೂರು ಪ್ರಯೋಗಗಳುಂಟು. ಜೀವ ತುಂಬುವಿಕೆ ಅಥವಾ ಜೀವಂತ ಸ್ಥಿತಿಯೆಂಬುದು ಮುಖ್ಯಾರ್ಥ. ಗರ್ಭಸ್ಥ ಪಿಂಡದಲ್ಲಿ ಆತ್ಮಪ್ರವೇಶವಾಗುವುದನ್ನು ಕ್ರೈಸ್ತ ದೇವತಾಶಾಸ್ತ್ರಜ್ಞರು ಇದೇ ಹೆಸರಿನಿಂದ ಕರೆದರು. ಪ್ರಾಣವ್ಯಾಪಾರವು ತಾತ್ಕಾಲಿಕವಾಗಿ ನಿಂತಂತೆ ತೋರುವ ಸ್ಥಿತಿಯನ್ನು ‘ಸಸ್ಪೆಂಡೆಡ್ ಅನಿಮೇಷನ್’ ಎಂದು ವೈದ್ಯರು ಹೇಳುವರು. ಮಾತಿನಲ್ಲಿಯೂ ಮುಖದಲ್ಲಿಯೂ ಕಾಣುವ ಉತ್ಸಾಹ, ಲವಲವಿಕೆ ಎಂಬುದು ಎರಡನೆಯದು, ಇದು ಲಾಕ್ಷಣಿಕ. ಚಿತ್ರಗಳಿಗೆ ಸಂಬಂಧಿಸಿದುದು ಮೂರನೆಯದು. ಫ್ರಾನ್ಸಿನ ಎಮಿಲ್ ಕೋಲ್ 1908ರಲ್ಲಿ ನೂರಾರು ರೇಖಾಚಿತ್ರಗಳನ್ನು ಬರೆದು ‘ಫಾಂತಾಸ್ಮಾಗೊರಿ’ಯನ್ನು ನಿರ್ಮಿಸಿದನು. ಚಲನಚಿತ್ರದಲ್ಲಿ ಸೆಕೆಂಡಿಗೆ 24 ಬಿಂಬಗಳು ಸರಿಯುವುದು ವಾಡಿಕೆ. ಒಂದೊಂದು ಚಿತ್ರವನ್ನು ಎರಡೆರಡು ಸಲ ಸೆರೆಹಿಡಿದರೆ 12 ಚಿತ್ರಗಳು ಸಾಕು. ಪ್ರತಿಯೊಂದು ಚಿತ್ರವೂ ಜಡ. ಚಲನೆಯು ನೋಡುವವನ ಪ್ರತೀತಿಯಲ್ಲಿ ಮಾತ್ರ ಇರುವುದು.

ಇದಕ್ಕೆ ಕನ್ನಡದಲ್ಲಿ ಯಾವ ಪದವು ತಕ್ಕುದು? ‘ಚಲನಚಿತ್ರ’ವು ಸಿನೆಮಾಕ್ಕೆ ರೂಢವಾಗಿರುವುದರಿಂದ ಅತಿವ್ಯಾಪ್ತಿದೋಷ ಬರುವುದು. ‘ಸಂಜೀವನ’ವು ಸತ್ತುದನ್ನು ಬದುಕಿಸುವ ಅರ್ಥವನ್ನು ಕೊಡುವುದು, ಚಿತ್ರವಾದರೋ ಎಂದೂ ಬದುಕಿದುದಲ್ಲ. ‘ಪ್ರಾಣಪ್ರತಿಷ್ಠೆ’ಯು ಆಗಮೋಕ್ತ ಕರ್ಮ, ಅಲ್ಲಿ ವಿಗ್ರಹವು ಚಲಿಸದಿದ್ದರೂ ಭಕ್ತನಿಗೆ ಪ್ರಾಣವುಂಟು, ಇಲ್ಲಿ ಚಿತ್ರವು ಚಲಿಸಿದರೂ ಪ್ರಾಣವಿಲ್ಲ. ಹಿಂದೆ ಹಾಗಿಲ್ಲದುದನ್ನು ಹಾಗೆ ಮಾಡುವುದು ‘ಚ್ವಿ’ಪ್ರತ್ಯಯದ ಅರ್ಥವಾದುದರಿಂದ ‘ಸಜೀವೀಕರಣ’ವೆಂಬ ರೂಪವು ಹೆಚ್ಚು ಯುಕ್ತ. ಚಿತ್ರಕ್ಕೆ ಸಜೀವತ್ವವು ಆರೋಪಿತವೆಂಬುದು ಸಂದರ್ಭದಿಂದಲೇ ತಿಳಿಯುವುದು. ವೈದ್ಯಕೀಯ ಪ್ರಯೋಗಕ್ಕೆ ‘ಪ್ರಾಣಸ್ತಂಭನ’ವೂ, ಮುಖದ ಕಳೆಗೆ ‘ಲವಲವಿಕೆ’ಯೂ ಸಾಕು. ಪರಭಾಷೆಯ ಒಂದು ಶಬ್ದಕ್ಕೆ ಎಲ್ಲೆಡೆಯೂ ಒಂದೇ ಪ್ರತಿಶಬ್ದವನ್ನು ಹಿಡಿಯದೆ, ಅರ್ಥಭೇದವನ್ನನುಸರಿಸಿ ಪದಭೇದವನ್ನು ಮಾಡಿಕೊಳ್ಳುವುದೇ ಕೋಶಕಾರರಿಗೆ ಉಚಿತವಾದ ಮಾರ್ಗ.