ಎಳೆದು ಕೊಯ್ಯುವ ಗರಗಸ: ಜಪಾನಿ ಅಲಗಿನ ಆಯ್ಕೆ ಮತ್ತು ಬಳಕೆ

ಜಪಾನಿ ಗರಗಸ ಮರವನ್ನು ಕೊಯ್ಯುವುದು ಬಡಗಿ ಅದನ್ನು ತನ್ನತ್ತ ಎಳೆದುಕೊಂಡಾಗ. ಮುಂದಕ್ಕೆ ಹೋಗುವಾಗ ಅಲಗು ಸುಮ್ಮನೆ ಜಾರುತ್ತದೆ, ಅಷ್ಟೆ. ನಮ್ಮ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವ ಕೈಗರಗಸದ ಕ್ರಮ ಇದಕ್ಕೆ ತದ್ವಿರುದ್ಧ. ಅದು ದೂಡಿದಾಗ ಕೊಯ್ಯುತ್ತದೆ. ಹಲ್ಲು ಯಾವ ಕಡೆಗೆ ಮುಖ ಮಾಡಿದೆ ಎಂಬ ಇಷ್ಟು ಸಣ್ಣ ವ್ಯತ್ಯಾಸ ಅಲಗಿನ ದಪ್ಪ, ಹಿಡಿಯ ಉದ್ದ, ಕೆಲಸಗಾರ ನಿಲ್ಲುವ ಭಂಗಿ ಎಲ್ಲವನ್ನೂ ಬದಲಿಸಿದೆ.

ತೆಳು ತಗಡು ದೂಡಿದರೆ ಬಾಗುತ್ತದೆ, ಎಳೆದರೆ ನೆಟ್ಟಗಾಗುತ್ತದೆ. ದೂಡುವ ಗರಗಸ ಬಾಗಬಾರದೆಂದರೆ ಅಲಗು ಒಂದು ಮಿಲಿಮೀಟರಿನ ಆಸುಪಾಸು ದಪ್ಪವಿರಬೇಕಾಗುತ್ತದೆ. ಎಳೆಯುವ ಗರಗಸಕ್ಕೆ ಆ ಹಂಗಿಲ್ಲ. ಸಾಮಾನ್ಯ ಕೆಲಸದ ಜಪಾನಿ ಅಲಗು ಸುಮಾರು 0.5 ಮಿ.ಮೀ., ನಾಜೂಕು ಕೆಲಸದ್ದು ಸುಮಾರು 0.3 ಮಿ.ಮೀ. ಮಾತ್ರ. ಸೀಳು ಕಿರಿದಾದಷ್ಟೂ ಹುಡಿಯಾಗಿ ಹೋಗುವ ಮರ ಕಡಿಮೆ, ತೋಳಿಗೆ ಶ್ರಮವೂ ಕಡಿಮೆ. ಎಳೆದು ಕೊಯ್ಯುವುದು ಜಪಾನಿನವರೊಬ್ಬರದೇ ಜಾಣತನವೇನಲ್ಲ. ಪ್ರಾಚೀನ ಈಜಿಪ್ಟಿನ ತಾಮ್ರದ ಗರಗಸಗಳೂ ಎಳೆಯುವಂಥವೇ. ಆ ಮೆತ್ತನೆಯ ಲೋಹವನ್ನು ದೂಡಿದರೆ ಸೊಟ್ಟಗಾಗುತ್ತಿತ್ತು. ತೋಟಗಳಲ್ಲಿ ರೆಂಬೆ ಸವರಲು ಬಳಸುವ ಬಾಗಿದ ಗರಗಸ ಕೂಡ ಎಳೆದಾಗಲೇ ಕೊಯ್ಯುತ್ತದೆ. ಅದನ್ನು ಹಿಡಿದು ಅಭ್ಯಾಸವಿರುವ ಮಲೆನಾಡಿನ ಕೈಗೆ ಜಪಾನಿ ಗರಗಸ ಬೇಗ ಒಗ್ಗೀತು.

ಜಪಾನಿನಲ್ಲಿ ಬಹಳ ಕಾಲ ದಿಮ್ಮಿಗಳನ್ನು ಬೆಣೆ ಹೊಡೆದು ಸೀಳಿ ಹಲಗೆ ಮಾಡುತ್ತಿದ್ದರು. ಇಬ್ಬರು ಸೇರಿ ಎಳೆಯುವ ದೊಡ್ಡ ಚೌಕಟ್ಟಿನ ಗರಗಸ ಚೀನಾದ ಕಡೆಯಿಂದ ಅಲ್ಲಿಗೆ ಬಂದದ್ದು ಮುರೊಮಾಚಿ ಕಾಲದಲ್ಲಿ. ಆಮೇಲೆ ಒಬ್ಬನೇ ಎಳೆಯಬಲ್ಲ, ಅಗಲ ಅಲಗಿನ ಮಾಎಬಿಕಿ ರೂಢಿಗೆ ಬಂತು. 1830ರ ದಶಕದ ಆರಂಭದಲ್ಲಿ ಚಿತ್ರಕಾರ ಹೊಕುಸಾಯ್ ರಚಿಸಿದ ಚಿತ್ರವೊಂದರಲ್ಲಿ ಓರೆಯಾಗಿ ನಿಲ್ಲಿಸಿದ ಭಾರಿ ತೊಲೆಯನ್ನು ಹೀಗೆ ಕೊಯ್ಯುತ್ತಿರುವವರನ್ನು ಕಾಣಬಹುದು. ಹಿನ್ನೆಲೆಯಲ್ಲಿ ಫ್ಯೂಜಿ ಪರ್ವತವಿದೆ. ಇಂದು ಹ್ಯೊಗೊ ಪ್ರಾಂತದ ಮಿಕಿ, ನಿಗಾತ ಪ್ರಾಂತದ ಸಾಂಜೊ ಊರುಗಳು ಕೈಸಲಕರಣೆಗಳಿಗೆ ಹೆಸರಾಗಿವೆ. ಹಳೆಯ ಮಾದರಿಗಳನ್ನು ನೋಡಬಯಸುವವರಿಗೆ ಕೋಬೆಯಲ್ಲಿ 1984ರಲ್ಲಿ ಶುರುವಾದ ತಾಕೆನಾಕ ಬಡಗಿ ಸಲಕರಣೆಗಳ ಮ್ಯೂಸಿಯಂ ಇದೆ.

ಜಪಾನಿ ಗರಗಸಗಳಲ್ಲಿ ಹೆಚ್ಚು ಬಳಕೆಯವು ಮೂರು. ರ್ಯೋಬಕ್ಕೆ ಎರಡೂ ಅಂಚಿನಲ್ಲಿ ಹಲ್ಲು: ಒಂದು ಬದಿ ಎಳೆಯುದ್ದಕ್ಕೆ ಸೀಳಲು, ಇನ್ನೊಂದು ಅಡ್ಡ ಕೊಯ್ಯಲು. ಸೀಳುವ ಹಲ್ಲು ಪುಟ್ಟ ಉಳಿಯ ಹಾಗೆ ಮರದ ನಾರನ್ನು ಎತ್ತುತ್ತದೆ. ಅಡ್ಡ ಕೊಯ್ಯುವ ಹಲ್ಲು ಎತ್ತರವಾಗಿ, ಮೂರು ಮುಖಗಳಲ್ಲಿ ಅರ ಹಾಕಿಸಿಕೊಂಡು, ನಾರನ್ನು ಚಾಕುವಿನಂತೆ ಕತ್ತರಿಸುತ್ತದೆ. ಸಾಂಪ್ರದಾಯಿಕ ರ್ಯೋಬದಲ್ಲಿ ಸೀಳುವ ಹಲ್ಲುಗಳು ಹಿಡಿಯ ಹತ್ತಿರ ಚಿಕ್ಕವಾಗಿದ್ದು ತುದಿಗೆ ಹೋದಂತೆ ದೊಡ್ಡವಾಗುತ್ತವೆ. ಕೊಯ್ತ ಶುರುಮಾಡುವಾಗ ಮರ ಕಚ್ಚಿಕೊಳ್ಳದಿರಲಿ ಎಂದು ಈ ಏರ್ಪಾಡು. ಎರಡನೆಯದು ದೊಜುಕಿ. ಇದರ ಬೆನ್ನಿಗೆ ಲೋಹದ ಪಟ್ಟಿ ಇರುವುದರಿಂದಲೇ ಅಲಗು ಅಷ್ಟು ತೆಳುವಾಗಿರಲು ಸಾಧ್ಯ. ಮೇಜು, ಕಪಾಟಿನ ಜೋಡಣೆಗಳಿಗೆ ಇದು ಬೇಕೇ ಬೇಕು. ಆದರೆ ಪಟ್ಟಿ ಅಡ್ಡ ಬರುವುದರಿಂದ ಆಳವಾಗಿ ಕೊಯ್ಯಲಾಗದು. ಮೂರನೆಯದಾದ ಕತಾಬಕ್ಕೆ ಒಂದೇ ಅಂಚಿನಲ್ಲಿ ಹಲ್ಲು, ಬೆನ್ನುಪಟ್ಟಿ ಇಲ್ಲ. ಎಷ್ಟು ಆಳಕ್ಕಾದರೂ ಇಳಿಯುತ್ತದೆ. ಇವಲ್ಲದೆ ಹಲಗೆಯ ನಡುವಿನಿಂದಲೇ ಕೊಯ್ತ ಆರಂಭಿಸಲು ಬಾಗಿದ ಅಂಚಿನ ಅಜೆಬಿಕಿ, ಹೊರಚಾಚಿದ ಮರದ ಗೂಟವನ್ನು ಮೇಲ್ಮೈಗೆ ಗೀರು ಬೀಳದಂತೆ ಸಮ ಕೊಯ್ಯಲು ಕುಗಿಹಿಕಿ ಇವೆ.

ಕೊಳ್ಳುವಾಗ ಮೊದಲು ಯೋಚಿಸಬೇಕಾದದ್ದು ಮರದ ಬಗೆಯನ್ನು. ಈ ಗರಗಸಗಳು ರೂಪುಗೊಂಡದ್ದು ಹಿನೊಕಿ, ಸುಗಿಯಂಥ ಮೆತ್ತನೆಯ ಮರಗಳ ಜೊತೆ. ಅವಕ್ಕೆ ಹೊಂದುವ ಉದ್ದನೆಯ ಸಪೂರ ಹಲ್ಲು ಬೀಟೆ, ಮತ್ತಿ, ಹೊನ್ನೆಯಂಥ ಗಡಸು ಮರದಲ್ಲಿ, ಅದರಲ್ಲೂ ಗಂಟಿನ ಬಳಿ, ಮುರಿಯುವ ಅಪಾಯವಿದೆ. ತೇಗ ಅಷ್ಟು ಗಡಸಲ್ಲದಿದ್ದರೂ ಅದರಲ್ಲಿರುವ ಸಿಲಿಕಾ ಹಲ್ಲನ್ನು ಬೇಗ ಮೊಂಡು ಮಾಡುತ್ತದೆ. ಗಡಸು ಮರಕ್ಕೆಂದೇ ತಯಾರಾದ, ಹಲ್ಲು ಗಿಡ್ಡವಾಗಿರುವ ಅಲಗುಗಳೂ ಸಿಗುತ್ತವೆ. ನಮ್ಮ ಕಾಡಿನ ಮರಗಳಲ್ಲಿ ಕೆಲಸ ಮಾಡುವವರು ಅವನ್ನೇ ಕೇಳಿ ಪಡೆಯುವುದು ಕ್ಷೇಮ. ಹಲ್ಲು ಸಣ್ಣದಾದಷ್ಟೂ ಕೊಯ್ದ ಮುಖ ನುಣುಪು, ಕೆಲಸ ನಿಧಾನ. ಮರದ ದಪ್ಪದಲ್ಲಿ ಒಮ್ಮೆಗೆ ಕನಿಷ್ಠ ಮೂರು ಹಲ್ಲಾದರೂ ತೊಡಗಿರಬೇಕು. ಇಲ್ಲವಾದರೆ ಅಲಗು ಸಿಕ್ಕಿಕೊಂಡು ಜಗ್ಗುತ್ತದೆ.

ಇನ್ನೊಂದು ಪ್ರಶ್ನೆ ಅಲಗನ್ನು ಬದಲಿಸುವುದೋ ಅರ ಹಾಕುವುದೋ ಎಂಬುದು. ಇಂದು ಮಾರಾಟವಾಗುವ ಬಹುಪಾಲು ಅಲಗುಗಳ ಹಲ್ಲಿನ ತುದಿಯನ್ನು ವಿದ್ಯುತ್ತಿನ ಮೂಲಕ ಕ್ಷಣಮಾತ್ರ ಕಾಯಿಸಿ ಗಡಸು ಮಾಡಿರುತ್ತಾರೆ. ಹಲ್ಲಿನ ಸಾಲು ಕಪ್ಪು ನೀಲಿಯಾಗಿ ಕಂಡರೆ ಅದು ಈ ಬಗೆಯದು. ಬಹಳ ದಿನ ಹರಿತ ಉಳಿಯುತ್ತದೆ, ಆದರೆ ಅರಕ್ಕೆ ಜಗ್ಗುವುದಿಲ್ಲ. ಮೊಂಡಾದರೆ ಅಲಗು ಕಳಚಿ ಹೊಸದನ್ನು ಸಿಕ್ಕಿಸಬೇಕು. ಕಮ್ಮಾರ ಬಡಿದು ಮಾಡಿದ ಸಾಂಪ್ರದಾಯಿಕ ಗರಗಸಕ್ಕೆ ಮತ್ತೆ ಮತ್ತೆ ಅರ ಹಾಕಬಹುದು. ಆದರೆ ಆ ಸಣ್ಣ ಹಲ್ಲಿನ ಮೂರು ಮುಖ ತಿದ್ದುವುದು ನುರಿತವರ ಕೆಲಸ. ಜಪಾನಿನಲ್ಲಿ ಅದೇ ಒಂದು ಪ್ರತ್ಯೇಕ ಕಸುಬು. ಅಂಥವರು ಹತ್ತಿರ ಇಲ್ಲದ ಕಡೆ ದುಬಾರಿ ಗರಗಸ ಕೊಳ್ಳುವುದು ದುಂದು.

ಬಳಸುವಾಗ ಹೆಚ್ಚಿನವರು ಎಡವುವುದು ಒಂದೇ ಕಡೆ: ಅವಸರಪಟ್ಟು ಅಲಗನ್ನು ಒತ್ತುತ್ತಾರೆ. ಗೆರೆಯನ್ನು ಪೆನ್ಸಿಲಿಗಿಂತ ಚೂಪು ಚಾಕುವಿನಿಂದ ಗೀರಿದರೆ ಅಂಚು ಸಿಬಿರೇಳುವುದಿಲ್ಲ. ಹೆಬ್ಬೆರಳನ್ನು ಅಲಗಿನ ಬದಿಗೆ, ಹಲ್ಲಿಗಿಂತ ಮೇಲೆ, ಆನಿಸಿ ಹಿಡಿಯ ಹತ್ತಿರದ ಹಲ್ಲುಗಳಿಂದ ಎರಡು ಮೂರು ಸಲ ಮೆಲ್ಲನೆ ಎಳೆಯಬೇಕು. ಜಾಡು ಮೂಡಿದ ಮೇಲೆ ಬೆರಳು ತೆಗೆದು, ಅಲಗಿನ ಉದ್ದವನ್ನೆಲ್ಲ ಬಳಸಿ ಎಳೆಯಬೇಕು. ಬಲವಿರುವುದು ಎಳೆತದಲ್ಲಿ ಮಾತ್ರ. ಎರಡು ಕೈ ಬಳಸುವುದಾದರೆ ಒಂದು ಹಿಡಿಯ ತುದಿಯಲ್ಲಿ, ಮತ್ತೊಂದು ಅಲಗಿನ ಕಡೆಗೆ ಇರಲಿ. ಮೂಗು, ಅಲಗು, ಗೆರೆ ಒಂದೇ ನೇರಕ್ಕೆ ಬರಬೇಕು. ದಪ್ಪ ತುಂಡನ್ನು ಒಂದೇ ಮಗ್ಗುಲಿಂದ ಕೊಯ್ಯದೆ, ನಾಲ್ಕೂ ಮುಖಕ್ಕೆ ಗೆರೆ ಹಾಕಿ ತಿರುಗಿಸುತ್ತ ಕೊಯ್ದರೆ ಓರೆಯಾಗದು. ರ್ಯೋಬವನ್ನು ಆಳಕ್ಕೆ ಇಳಿಸುವಾಗ ಮೇಲಿನ ಹಲ್ಲು ಸೀಳಿನ ಗೋಡೆಗೆ ಉಜ್ಜುತ್ತದೆ, ಎಚ್ಚರ.

ಎಳೆದಾಗ ಮರವೂ ಕೆಲಸಗಾರನತ್ತ ಜರುಗುತ್ತದೆ. ಹಾಗಾಗಿ ಅದನ್ನು ತಡೆಯುವ ಪಟ್ಟಿ ಅವನ ಕಡೆಯೇ ಇರಬೇಕು. ಜಪಾನಿನಲ್ಲಿ ತಗ್ಗಾದ ಅಡ್ಡೆಯ ಮೇಲೆ ಮರವಿಟ್ಟು ಕಾಲಿನಿಂದ ಅದುಮುವುದು ವಾಡಿಕೆ. ನೆಲದಲ್ಲಿ ಕುಳಿತು ಪಾದದಲ್ಲಿ ಮರ ಹಿಡಿಯುವ ನಮ್ಮ ಬಡಗಿಗಳಿಗೆ ಇದನ್ನು ಹೇಳಿಕೊಡಬೇಕಿಲ್ಲ. ಹುಡಿಯೂ ಕೆಲಸಗಾರನ ಕಡೆಗೇ ಬಂದು ಗೆರೆ ಮುಚ್ಚುತ್ತದೆ, ಆಗಾಗ ಊದಬೇಕು.

ಆರೈಕೆ ದೊಡ್ಡದೇನಲ್ಲ. ಅಂಟಿದ ರಾಳವನ್ನು ಸೀಮೆಎಣ್ಣೆಯಲ್ಲಿ ಒರೆಸಿ ಒಂದು ಹನಿ ಮಷಿನ್ ಎಣ್ಣೆ ಸವರಿದರೆ ಸಾಕು. ಕರಾವಳಿಯ ಮಳೆಗಾಲದಲ್ಲಿ ಇದನ್ನು ಮರೆತರೆ ತುಕ್ಕು ಹಿಡಿಯುವುದು ಖಂಡಿತ.

ಮೊದಲ ಸಲ ಕೊಳ್ಳುವವರಿಗೆ ಅಲಗು ಬದಲಿಸಬಹುದಾದ 240 ಮಿ.ಮೀ. ರ್ಯೋಬ ಒಂದು ಮತ್ತು ಜೊತೆಗೊಂದು ಬಿಡಿ ಅಲಗು ಸಾಕು. ದೊಜುಕಿಯನ್ನು ಜೋಡಣೆಯ ಕೆಲಸಕ್ಕೆ ಇಳಿದ ಮೇಲೆ ತಂದರಾಯಿತು. ಮನೆಯಲ್ಲಿರುವ ದೂಡುವ ಗರಗಸವನ್ನು ಎಸೆಯಬೇಡಿ. ಮೊಳೆ ಇರಬಹುದಾದ ಹಳೆಯ ಬಾಗಿಲು, ಪ್ಯಾಕಿಂಗ್ ಪೆಟ್ಟಿಗೆಗಳಿಗೆ ಅದೇ ಸರಿ.